ನೋವಿಗೆ ಹತ್ತರಲ್ಲಿ ಎಷ್ಟು?

ಹನೂರಿನಿಂದ ಬಂದು ಆಯಾ ಆಗಿ ನೆಲ ಒರೆಸುತ್ತಿದ್ದವಳು ನಾನು. ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿ, ನರ್ಸಿಂಗ್ ಮುಗಿಸಿ, ಕೊಳ್ಳೇಗಾಲದ ಅದೇ ಆಸ್ಪತ್ರೆಗೆ ನರ್ಸ್ ಆಗಿ ಬಂದೆ. "ಸೂಜಿ ಚುಚ್ಚೋದು ಯಾರಾದ್ರೂ ಕಲೀತಾರೆ. ರೋಗಿಗೆ ನೋವೆಷ್ಟು ಅಂತ ತಿಳಿಯೋದು ನಿನ್ನ ಕೈಲಾಗಲ್ಲ" ಅಂದರು ಹೆಡ್ ಸಿಸ್ಟರ್. ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಕೇಳಿ ಬರೆಯಬೇಕು, ಅಷ್ಟೇ. ಆದರೆ ನಮ್ಮ ಕಡೆಯವರ ಬಾಯಿಂದ ಅಂಕಿ ಹೊರಡಿಸಲು ಹೋದರೆ ದಿನಾ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ.

ಅತ್ತೆಗೆ ಒಂದು ಜಾಸ್ತಿ

ಕೌದಳ್ಳಿಯ ಅತ್ತೆ ಸೊಸೆ, ಇಬ್ಬರಿಗೂ ಜ್ವರ, ಕೀಲುನೋವು. ಅಕ್ಕಪಕ್ಕದ ಮಂಚ. ಸೊಸೆ ಆರು ಅಂದಳು.

"ಅವ್ಳು ಏಟಂದ್ಲು?" ಅತ್ತೆ ಕೇಳಿದರು.

"ಆರು."

"ಅಂಗಾರೆ ನಂಗೆ ಏಳು ಬರ್ಕೊ."

"ಸಿಸ್ಟರೇ, ನಂದು ಎಂಟು ಮಾಡಿ" ಅಂದಳು ಸೊಸೆ.

ಡಾಕ್ಟರು ಬರುವಷ್ಟರಲ್ಲಿ ಇಬ್ಬರೂ ಹತ್ತಕ್ಕೆ ಬಂದು ನಿಂತಿದ್ದರು. ಅತ್ತೆ ಅವರನ್ನೇ ಕೇಳಿದರು: "ಹತ್ತರ ಮ್ಯಾಲೆ ಮಡಗಿಲ್ವಾ ಸಾ?"

ಶುಕ್ರವಾರ

ಅಂಕಿಯ ಸಹವಾಸವೇ ಬೇಡವೆಂದು ಮುಖಗಳ ಚಿತ್ರ ಹಿಡಿದೆ. ನಗುವ ಮುಖ ಮುಟ್ಟಿದರೆ ನೋವಿಲ್ಲ, ಅಳುವ ಮುಖ ಮುಟ್ಟಿದರೆ ತಡೆಯಲಾರದ ನೋವು. ಸೊಂಟ ಮುರಿದುಕೊಂಡು ಬಂದ ಧನಗೆರೆಯ ಅಜ್ಜಿ ನಗುವ ಮುಖ ಮುಟ್ಟಿದರು. ನಾನೂ ಹಾಗೇ ಬರೆದೆ. ಡಾಕ್ಟರು ಎಕ್ಸ್‌ರೇ ನೋಡಿ ರೇಗಿದರು: "ಇನ್ನೊಂದ್ಸಲ ಹಿಂಗಾದ್ರೆ ವಾಪಸ್ ಆಯಾ ಕೆಲಸಕ್ಕೆ!"

ಅಜ್ಜಿಯ ಹತ್ತಿರ ಓಡಿದೆ. "ಅಜ್ಜೀ, ನೋವಿಲ್ಲ ಅಂದ್ರಲ್ಲ?"

"ಶುಕ್ರವಾರದ ದಿನ ಅಳೋ ಮೊಕ ಮುಟ್ಟಾರಾ ಮಗಾ? ನಾಳೆ ತಕಬಾ, ಮುಟ್ತೀನಿ."

ಬೀಗರ ಎದುರು

ಮಾರನೆಯ ವಾರವೇ ಯಳಂದೂರಿನ ಯಜಮಾನರೊಬ್ಬರು ಹೊಟ್ಟೆ ಹಿಡಿದುಕೊಂಡು ಬಂದರು. ಮಗಳ ಮದುವೆ ಗೊತ್ತಾಗಿತ್ತು. ಹೊಸ ಬೀಗರು ಸೇಬಿನ ಚೀಲ ಹಿಡಿದು ಮಂಚದ ಪಕ್ಕವೇ ಕೂತಿದ್ದರು.

"ನೋವೆಷ್ಟು ಯಜಮಾನ್ರೇ?"

"ಸೊನ್ನೆ. ಸುಮ್ನೆ ಗ್ಯಾಸು."

ಆಚೆ ಕೋಣೆಯಲ್ಲಿ ಡಾಕ್ಟರು ಅವರನ್ನು ಮನೆಗೆ ಕಳಿಸಲು ಚೀಟಿ ಬರೆಯುತ್ತಿದ್ದರು. ಈ ಮನುಷ್ಯನ ಹಣೆ ತುಂಬ ಬೆವರು, ಮಂಚದ ಕಂಬಿ ಹಿಡಿದ ಕೈ ಬೆಳ್ಳಗಾಗಿದೆ. ಸೊನ್ನೆ ಬರೆದರೆ ಇವರ ಜೀವಕ್ಕೆ ಕುತ್ತು, ನನ್ನ ಕೈಗೆ ಮತ್ತೆ ಪೊರಕೆ.

"ಬೀಗರೇ, ಒಂದು ಎಳನೀರು ತಂದ್ಬುಡಿ" ಎಂದು ಅಟ್ಟಿದೆ. ಅವರ ಚಪ್ಪಲಿ ಸದ್ದು ಮೆಟ್ಟಿಲಿಳಿದದ್ದೇ ತಡ, ಯಜಮಾನರು ನನ್ನ ಕೈ ಹಿಡಿದು ಕೂಗಿಕೊಂಡರು: "ಹತ್ತು ಕಣವ್ವಾ! ಹತ್ತು! ಸತ್ತೋಯ್ತೀನಿ!"

ಓಡಿಹೋಗಿ ಡಾಕ್ಟರ ಕಿವಿಗೆ ಹಾಕಿದೆ. ಅಷ್ಟರಲ್ಲಿ ಎಳನೀರು ಬಂತು.

"ಈಗೆಂಗದೆ ಬೀಗ್ರೇ?" ತಂದವರು ಕೇಳಿದರು.

"ಸೊನ್ನೆ."

ಅಪೆಂಡಿಕ್ಸ್ ಒಡೆಯುವುದರಲ್ಲಿತ್ತು. ಅಂದೇ ತೆಗೆದರು. "ಹೊಟ್ಟೆ ಕುಯ್ದ್ರೂ ನಮ್ ಬೀಗರು ಕಮಕ್ ಕಿಮಕ್ ಅನ್ನಲಿಲ್ಲ" ಎಂದು ಬೀಗರು ಊರೆಲ್ಲ ಹೊಗಳಿಕೊಂಡು ಬಂದರು. ಮದುವೆಗೆ ಡಾಕ್ಟರಿಂದ ಹಿಡಿದು ವಾಚ್‌ಮನ್ನಿನ ತನಕ ಎಲ್ಲರಿಗೂ ಕರೆ ಬಂತು, ನನ್ನೊಬ್ಬಳನ್ನು ಬಿಟ್ಟು. "ಆಯಮ್ಮ ಬ್ಯಾಡ. ಆಯಮ್ಮಂಗೆ ನನ್ನ ಹತ್ತು ಗೊತ್ತು" ಅಂದರಂತೆ ಯಜಮಾನರು.

ಈಗ ಆ ವಾರ್ಡಿನ ಉಸ್ತುವಾರಿ ನನ್ನದು. ಅದಕ್ಕೆ ಕೊಟ್ಟ ಬೆಲೆ ನೆಲ ಒರೆಸಿ ಸವೆದ ನನ್ನೆರಡು ಮಂಡಿ, ಒಂದು ಮದುವೆ ಊಟ. ಮಂಡಿ ಹೋಗಲಿ, ಊಟದ್ದೇ ಇನ್ನೂ ನೋವು.