ಸಪೋರ್ಟ್ ಇಲ್ಲದವನ ಜುಲೈ

ಒಂದು ವಸ್ತು ಕೆಲಸ ಮಾಡುವುದು ಬೇರೆ, ಅದು ಕೆಲಸ ಮಾಡುತ್ತದೆಂದು ಸಂಬಂಧಪಟ್ಟವರು ಒಪ್ಪಿಕೊಳ್ಳುವುದು ಬೇರೆ. ಈ ಸತ್ಯ ನನಗೆ ಮೊದಲ ಸಲ ಅರಿವಾದದ್ದು ಸ್ವೀಡನ್ನಿಗೆ ಬಂದು ಇಳಿದಾಗ. ನಾನಂತೂ ಇದ್ದೆ. ಸೋಲ್ನಾದ ಬಾಡಿಗೆ ಮನೆಯಲ್ಲಿ ಅನ್ನ ಸಾರು ಮಾಡಿಕೊಂಡು ಉಣ್ಣುತ್ತಿದ್ದೆ, ರೈಲು ಹತ್ತಿ ಆಫೀಸಿಗೆ ಹೋಗಿ ಬರುತ್ತಿದ್ದೆ, ಚಳಿಗೆ ನಡುಗುತ್ತಿದ್ದೆ. ಆದರೆ ಪರ್ಸೂನ್‌ನುಮ್ಮರ್ ಎಂಬ ಸರ್ಕಾರಿ ಸಂಖ್ಯೆ ಕೈಗೆ ಬರುವ ತನಕ ಬ್ಯಾಂಕಿನವರಾಗಲಿ, ಫೋನಿನವರಾಗಲಿ, ಕೊನೆಗೆ ಜಿಮ್ಮಿನವರಾಗಲಿ ನಾನಿದ್ದೇನೆಂದು ನಂಬಲು ತಯಾರಿರಲಿಲ್ಲ. ಜಿಮ್ಮಿನ ಹುಡುಗಿ ನನ್ನ ಹೊಟ್ಟೆಯನ್ನು ನೋಡುತ್ತಲೇ "ಸಿಸ್ಟಂನಲ್ಲಿ ನೀವು ಇಲ್ಲ" ಎಂದಳು. ಅಷ್ಟು ದೊಡ್ಡ ಸಾಕ್ಷಿಯನ್ನು ಎದುರಿಗಿಟ್ಟುಕೊಂಡು ಹಾಗೆ ಹೇಳುವುದಕ್ಕೂ ಒಂದು ಧೈರ್ಯ ಬೇಕು. ಆಗ ನಾನು ನಕ್ಕಿದ್ದೆ. ಈ ವರ್ಷದ ಜುಲೈ ಕಳೆದ ಮೇಲೆ ನನಗೆ ನಗು ಬರುವುದು ಕಡಿಮೆಯಾಗಿದೆ.

ನನ್ನ ಕೆಲಸವನ್ನು ಸ್ವಲ್ಪ ಹೇಳಬೇಕು. ಔಷಧಿ ಅಂಗಡಿಗಳಿಗೆ ಸರಕು ಕಳಿಸುವ ಒಂದು ಕಂಪನಿಯಲ್ಲಿ ನಾನು ಡೇಟಾಬೇಸ್ ನೋಡಿಕೊಳ್ಳುವವನು. ಯಾವ ಊರಿನ ಯಾವ ಅಂಗಡಿಗೆ ಯಾವ ಮಾತ್ರೆ ಹೋಗಬೇಕು ಎಂಬುದೆಲ್ಲ ಅದರೊಳಗೆ ಇರುತ್ತದೆ. ಡೇಟಾಬೇಸ್ ಎಂಬುದು ಬಾಡಿಗೆದಾರ ಎಂದಿಟ್ಟುಕೊಳ್ಳಿ; ಅದು ವಾಸ ಮಾಡುವ ಮನೆಯೇ ಆಪರೇಟಿಂಗ್ ಸಿಸ್ಟಂ. ಈ ಬಾಡಿಗೆದಾರ ಮಹಾ ಜಂಬದವನು. ಇಂತಿಂಥ ಮನೆಗಳಲ್ಲಿ ಮಾತ್ರ ವಾಸ ಮಾಡುತ್ತೇನೆ ಎಂದು ಅವನ ಕಂಪನಿಯವರು ಮೊದಲೇ ಸಾರಿರುತ್ತಾರೆ. ಅಂಥ ಮನೆಗಳಿಗೆ ಸರ್ಟಿಫೈಡ್ ಎಂದು ಹೆಸರು. ಬೇರೆ ಮನೆಯಲ್ಲಿ ಅವನು ವಾಸ ಮಾಡುವುದೇ ಇಲ್ಲವೆಂದಲ್ಲ, ಸಂತೋಷವಾಗಿಯೇ ಇರುತ್ತಾನೆ. ಆದರೆ ನಡುವೆ ಅವನಿಗೆ ಕಾಯಿಲೆ ಬಂದರೆ ಡಾಕ್ಟರು ಬರುವುದಿಲ್ಲ.

ನಾವಿದ್ದ ಹಳೆಯ ಮನೆಯ ಅವಧಿ ಮುಗಿಯುತ್ತ ಬಂದಿತ್ತು. ಹೊಸದಕ್ಕೆ ಎರಡು ಆಯ್ಕೆಗಳಿದ್ದವು. ಒಂದು, ವರ್ಷ ವರ್ಷ ದುಡ್ಡು ತೆತ್ತು ತೆಗೆದುಕೊಳ್ಳುವ ಸರ್ಟಿಫೈಡ್ ಸಿಸ್ಟಂ. ಇನ್ನೊಂದು ಅದರ ಅವಳಿ ತಮ್ಮ: ಒಳಗೆ ಎಲ್ಲ ಅದೇ, ಹೆಸರು ಮಾತ್ರ ಬೇರೆ, ಪೂರ್ತಿ ಪುಕ್ಕಟೆ, ಸರ್ಟಿಫಿಕೇಟ್ ಇಲ್ಲ. ನನಗೆ ಗೊತ್ತಿತ್ತು, ದುಡ್ಡು ಕೊಟ್ಟೇ ತೆಗೆದುಕೊಳ್ಳಬೇಕು. ಅವಳಿಗಳ ಮೇಲೆ ನನಗೆ ದ್ವೇಷವೇನಿಲ್ಲ. ನನ್ನ ಚಿಂತೆಯೇ ಬೇರೆ ಇತ್ತು, ಅದರ ಹೆಸರು ಅದಿತಿ.

ಅದಿತಿ ನನ್ನ ಮಗಳು. ಹನ್ನೆರಡು ವರ್ಷ, ಇಲ್ಲೇ ಹುಟ್ಟಿದವಳು, ಬಡಾವಣೆಯ ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಪ್ರತಿ ಜುಲೈನಲ್ಲಿ ಅವರ ತಂಡ ಯೋಟೆಬೊರಿ ಎಂಬ ಊರಿಗೆ ಒಂದು ದೊಡ್ಡ ಟೂರ್ನಮೆಂಟಿಗೆ ಹೋಗುತ್ತದೆ. ಕಳೆದ ವರ್ಷ ಆಫೀಸಿನ ಯಾವುದೋ ಬೆಂಕಿ ನಂದಿಸುತ್ತ ಅದನ್ನು ತಪ್ಪಿಸಿಕೊಂಡಿದ್ದೆ. ಬೇರೆ ಹುಡುಗಿಯರ ಅಪ್ಪಂದಿರೆಲ್ಲ ಗೋಲಿನ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ. ಈ ಸಲ ಬಂದೇ ಬರುತ್ತೇನೆಂದು ಮಾತು ಕೊಟ್ಟು, ಕುರ್ಚಿಯನ್ನೂ ಕೊಂಡು ತಂದಿದ್ದೆ. ಜುಲೈನಲ್ಲಿ ಡೇಟಾಬೇಸ್ ಕೈ ಕೊಟ್ಟರೆ ಫೋನ್ ಎತ್ತುವವರು ಯಾರಾದರೂ ಇರಲಿ ಎಂಬುದಷ್ಟೇ ನನ್ನ ಆಸೆ.

ಇನ್ನು ಆ ಮೀಟಿಂಗ್. ನಮ್ಮ ಮ್ಯಾನೇಜರ್ ಲೇನಾ ತುಂಬ ಒಳ್ಳೆಯ ಹೆಂಗಸು. ಯೋಹಾನ್ ಎಂಬ ಸಹೋದ್ಯೋಗಿ ಪುಕ್ಕಟೆ ಸಿಸ್ಟಮ್ಮಿನ ಗುಣಗಾನ ಮಾಡಿದ. ಆಮೇಲೆ ಲೇನಾ ಇಲ್ಲಿನ ಪದ್ಧತಿಯಂತೆ ಮೇಜಿನ ಸುತ್ತ ಒಬ್ಬೊಬ್ಬರನ್ನೇ "ನಿಮಗೆ ಹೇಗನ್ನಿಸುತ್ತೆ?" ಎಂದು ಕೇಳುತ್ತ ಬಂದಳು. ನನ್ನ ಸರದಿ ಬಂತು. ಎಲ್ಲರೆದುರು ಯೋಹಾನನ ಮುಖಕ್ಕೆ ಹೊಡೆದ ಹಾಗೆ ಬೇಡ ಎನ್ನುವುದು ಹೇಗೆ? ಬೆಂಗಳೂರಿನಲ್ಲಿ ಹತ್ತು ವರ್ಷ ಕೆಲಸ ಮಾಡಿದವನು ನಾನು. ಅಲ್ಲಿ ಮೀಟಿಂಗ್ ಎಂದರೆ ಮದುವೆಯ ಆರತಕ್ಷತೆ ಇದ್ದ ಹಾಗೆ. ಎಲ್ಲರೂ ನಗುತ್ತ ನಿಲ್ಲಬೇಕು. ನಿಜವಾದ ಮಾತು ಆಮೇಲೆ, ಬಾಸ್ ಕ್ಯಾಬಿನ್ನಿನಲ್ಲಿ, ಬಾಗಿಲು ಹಾಕಿಕೊಂಡು, "ಸರ್, ಒಂದು ನಿಮಿಷ" ಎಂದು ಶುರುವಾಗುತ್ತದೆ. ಆ ಒಂದು ನಿಮಿಷದಲ್ಲಿ ಎಂತೆಂಥ ತೀರ್ಮಾನಗಳು ತಲೆಕೆಳಗಾದದ್ದನ್ನು ನಾನು ಕಂಡಿದ್ದೇನೆ, ಕೆಲವನ್ನು ನಾನೇ ಮಾಡಿಸಿದ್ದೇನೆ. ಅದೇ ಅಭ್ಯಾಸದಲ್ಲಿ "ಚೆನ್ನಾಗಿದೆ, ನೋಡಬಹುದು" ಎಂದು ನಗುತ್ತ ಹೇಳಿ ದಾಲ್ಚಿನ್ನಿ ಬನ್ನಿಗೆ ಕೈ ಹಾಕಿದೆ.

ಫಿಕಾ, ಅಂದರೆ ಇಲ್ಲಿನವರ ಕಾಫಿ-ಬನ್ನಿನ ವಿರಾಮ, ಮುಗಿದ ಮೇಲೆ ಲೇನಾಳ ಕ್ಯಾಬಿನ್ ಹುಡುಕಿಕೊಂಡು ಹೊರಟೆ. ಆಗ ಹೊಳೆಯಿತು, ಲೇನಾಳಿಗೆ ಕ್ಯಾಬಿನ್ನೇ ಇಲ್ಲ. ಎಲ್ಲರೂ ಒಟ್ಟಿಗೆ ಕೆಲಸ ಮಾಡುವ ಆ ದೊಡ್ಡ ಹಾಲಿನಲ್ಲಿ ಖಾಲಿ ಇದ್ದ ಮೇಜಿಗೆ ಕೂರುವುದು ಅವಳ ರೂಢಿ. ಅಂದು ಕೂತದ್ದು ಯೋಹಾನನ ಪಕ್ಕದಲ್ಲೇ. ನಾನು ತಗ್ಗಿದ ದನಿಯಲ್ಲಿ ಸಪೋರ್ಟಿನ ವಿಷಯ ತೆಗೆದೆ. ಅವಳು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ನಿಜವಾಗಿಯೂ ಬೇಜಾರು ಮಾಡಿಕೊಂಡು, "ಆದರೆ ನಾನು ಕೇಳಿದೆನಲ್ಲ. ನೀವು ಚೆನ್ನಾಗಿದೆ ಎಂದಿರಿ. ಈಗ ಎಲ್ಲರೂ ಸೇರಿ ತೀರ್ಮಾನ ಮಾಡಿ ಆಯಿತು" ಎಂದಳು. ಯೋಹಾನ್ ಪಕ್ಕದಿಂದ ನನ್ನ ಕಡೆಗೆ ಹೆಬ್ಬೆರಳು ಎತ್ತಿ ತೋರಿಸಿದ. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ವಿದ್ಯಾ, "ಅಲ್ಲಾ ರೀ, ಕೇಳಿದಾಗ ಬಾಯಲ್ಲಿ ಬನ್ ಇಟ್ಕೊಂಡಿದ್ರಾ?" ಎಂದಳು. ಅದು ಹೆಚ್ಚುಕಡಿಮೆ ನಿಜವೇ ಆಗಿತ್ತು.

ಸಿಸ್ಟಂ ಬಂತು. ಡೇಟಾಬೇಸನ್ನು ಕೂರಿಸಲು ಹೋದರೆ ಮನೆಯ ಹೆಸರು ನೋಡಿ ಒಳಗೆ ಬರಲ್ಲ ಎಂದಿತು. ಯೋಹಾನ್ ಆ ಹೆಸರು ಬರೆದಿರುವ ಜಾಗದಲ್ಲಿ ಸರ್ಟಿಫೈಡ್ ಅಣ್ಣನ ಹೆಸರು ಹಾಕಿದ. ಮಹಾನುಭಾವ ತೆಪ್ಪಗೆ ಬಂದು ಕೂತ. ಇದಾದ ವಾರಕ್ಕೇ ಯೋಹಾನ್ ಆರು ತಿಂಗಳ ಪಿತೃತ್ವ ರಜೆ ಹಾಕಿ ಮಗು ನೋಡಿಕೊಳ್ಳಲು ಹೋದ. ಜುಲೈ ಬಂತು. ಜುಲೈನ ಸ್ವೀಡನ್ ನೋಡದವರಿಗೆ ಅದನ್ನು ವಿವರಿಸುವುದು ಕಷ್ಟ. ದೇಶಕ್ಕೆ ಬೀಗ ಹಾಕಿ, ಕೀಲಿಯನ್ನೂ ತೆಗೆದುಕೊಂಡು ಎಲ್ಲರೂ ದ್ವೀಪಗಳಿಗೆ ಹೋಗಿಬಿಡುತ್ತಾರೆ. ಟೂರ್ನಮೆಂಟಿಗೆ ಇನ್ನೊಂದು ವಾರ ಇದೆ ಎನ್ನುವಾಗ ಮಧ್ಯಾಹ್ನ ಡೇಟಾಬೇಸ್ ಉಸಿರು ನಿಲ್ಲಿಸಿತು. ಎಬ್ಬಿಸಿದೆ. ಮರುದಿನ ಮಧ್ಯಾಹ್ನ ಮತ್ತೆ ಮಲಗಿತು. ಅಂಗಡಿಗಳಿಗೆ ಹೋಗಬೇಕಾದ ಮಾತ್ರೆಗಳು ಗೋದಾಮಿನಲ್ಲೇ ನಿಂತವು.

ಡೇಟಾಬೇಸ್ ಕಂಪನಿಗೆ ಫೋನ್ ಮಾಡಿದೆ. ಆ ಕಡೆಯಿಂದ ಬಂದ ಇಂಗ್ಲಿಷಿನಲ್ಲಿ ಏನೋ ಪರಿಚಿತ ಲಯ. ಹೆಸರು ಮಂಜುನಾಥ್, ಊರು ದಾವಣಗೆರೆ, ಕೂತಿರುವುದು ಬೆಂಗಳೂರಿನಲ್ಲಿ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಸರ್, ನೀವ್ ಕನ್ನಡದವ್ರಾ! ಸ್ವೀಡನ್ನಲ್ಲಾ? ಊಟ ಆಯ್ತಾ ಸರ್?"

"ಆಯ್ತಪ್ಪ. ಇದೊಂದು ಸ್ವಲ್ಪ ನೋಡಿ ಮಂಜುನಾಥ್."

"ಆರಾಮಾಗಿರಿ ಸರ್. ನಾನಿದೀನಲ್ಲ."

ನಾನು ಆರಾಮಾದೆ. ಅವನು ಕೇಳಿದ ಫೈಲುಗಳನ್ನೆಲ್ಲ ಕಳಿಸಿದೆ. ಸ್ವಲ್ಪ ಹೊತ್ತು ಕೀಲಿಮಣೆ ಕುಟ್ಟುವ ಸದ್ದು. ಆಮೇಲೆ ಮಂಜುನಾಥ್ ದನಿ ತಗ್ಗಿಸಿದ.

"ಸರ್, ತಪ್ಪು ತಿಳ್ಕೋಬೇಡಿ. ಓಎಸ್ ಹೆಸರು ಚೇಂಜ್ ಮಾಡಿದೀರಲ್ವಾ?"

ನಾನು ಯೋಹಾನನ ಖಾಲಿ ಕುರ್ಚಿಯ ಕಡೆ ನೋಡಿದೆ.

"ಪರ್ವಾಗಿಲ್ಲ ಸರ್, ಎಲ್ರೂ ಮಾಡ್ತಾರೆ. ಆದ್ರೆ ಇದು ಸರ್ಟಿಫೈಡ್ ಅಲ್ಲ ನೋಡಿ, ನಾನ್ ಮುಟ್ಟೋ ಹಾಗಿಲ್ಲ. ಸರ್ಟಿಫೈಡ್ ಸಿಸ್ಟಂ ಮೇಲೆ ಇದೇ ಪ್ರಾಬ್ಲಂ ಬರ್ಸಿ ತೋರ್ಸಿ. ಆಗ ನೋಡ್ತೀನಿ."

"ಎರಡೂ ಒಂದೇ ಅಲ್ವೇನಪ್ಪ?"

"ಒಂದೇ ಸರ್. ಅದು ನಿಮಗೂ ಗೊತ್ತು, ನನಗೂ ಗೊತ್ತು."

ಉಡುಪಿಯಲ್ಲಿ ನನ್ನ ಅಮ್ಮನಿಗೂ ಒಮ್ಮೆ ಹೀಗೇ ಆಗಿತ್ತು. ಮಿಕ್ಸಿ ಕೆಟ್ಟು ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋದರೆ, ಅಲ್ಲಿದ್ದವನು ಮೋಟಾರನ್ನು ನೋಡಲೇ ಇಲ್ಲ. "ಈ ಜಾರು ನಮ್ಮ ಕಂಪನಿದ್ದಲ್ಲ, ಅದಕ್ಕೇ ಸುಟ್ಟಿದ್ದು" ಎಂದ. ಅಮ್ಮ ಮರುಮಾತಾಡದೆ ಮನೆಗೆ ಬಂದು, ಪಕ್ಕದ ಮನೆಯವರ ಕಂಪನಿ ಜಾರನ್ನು ಕೇಳಿ ಪಡೆದು, ಅದನ್ನು ಮಿಕ್ಸಿಯ ಮೇಲೆ ಕೂರಿಸಿಕೊಂಡು ಮತ್ತೆ ಹೋದಳು. ಮೋಟಾರು ರಿಪೇರಿಯಾಯಿತು. ಆದರೆ ಅಮ್ಮನಿಗೆ ಪಕ್ಕದ ಮನೆಯಿತ್ತು. ಜುಲೈನಲ್ಲಿ ನನಗೆ ಯಾರಿದ್ದರು?

ಸರ್ಟಿಫೈಡ್ ಸಿಸ್ಟಂ ಕೊಳ್ಳಲು ಲೇನಾಳ ಒಪ್ಪಿಗೆ ಬೇಕು. ಲೇನಾಳಿಗೆ ಮೇಲ್ ಮಾಡಿದೆ. ತಾನು ಆಗಸ್ಟಿನಲ್ಲಿ ಸಿಗುವುದಾಗಿಯೂ, ಅವಸರವಿದ್ದರೆ ಖರೀದಿ ವಿಭಾಗದ ಆಂಡೆಶ್‌ಗೆ ತಿಳಿಸಬೇಕೆಂದೂ ತಾನೇತಾನಾಗಿ ಉತ್ತರ ಬಂತು. ಆಂಡೆಶ್‌ಗೆ ಬರೆದೆ. ಅವಸರವಿದ್ದರೆ ಲೇನಾಳಿಗೆ ತಿಳಿಸಬೇಕೆಂದು ಅವನ ಉತ್ತರ. ಇಬ್ಬರೂ ಕೊನೆಯಲ್ಲಿ ಸೂರ್ಯನ ಚಿತ್ರ ಹಾಕಿ ನನಗೆ ಒಳ್ಳೆಯ ಬೇಸಿಗೆ ಹಾರೈಸಿದ್ದರು. ನಿರ್ಜನ ಹಾಲಿನಲ್ಲಿ ಒಬ್ಬನೇ ಕೂತು ಆ ಎರಡು ಸೂರ್ಯರನ್ನು ನೋಡುತ್ತ, ಇಷ್ಟು ವರ್ಷ ಓದಿ ಇಷ್ಟು ದೂರ ಬಂದದ್ದು ಇದಕ್ಕೇನಾ ಎನ್ನಿಸಿತು. ಅಳು ಬರಲಿಲ್ಲ, ಬಂದಿದ್ದರೆ ಕೇಳುವವರಂತೂ ಅಲ್ಲಿರಲಿಲ್ಲ.

ಟೂರ್ನಮೆಂಟಿನ ದಿನ ವಿದ್ಯಾ ಮತ್ತು ಅದಿತಿ ರೈಲು ಹತ್ತಿದರು. ಡೇಟಾಬೇಸ್ ಪ್ರತಿ ಮಧ್ಯಾಹ್ನ ಬೀಳುತ್ತಿತ್ತು. ಎತ್ತಿ ನಿಲ್ಲಿಸಲು ಇದ್ದವನು ನಾನೊಬ್ಬ. ಪ್ಲಾಟ್‌ಫಾರ್ಮಿನಲ್ಲಿ ಅದಿತಿ ಕುರ್ಚಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೋದಳು. ಮಮ್ಮ ಕೂರುತ್ತಾಳೆ ಎಂದಳು.

ಆ ಸಂಜೆ ಮಂಜುನಾಥನೇ ಫೋನ್ ಮಾಡಿ, "ಸರ್, ಟ್ರಯಲ್ ಸಿಗುತ್ತಲ್ಲ, ಸ್ವಲ್ಪ ದಿನಕ್ಕೆ ಫ್ರೀ ಕೊಡ್ತಾರೆ. ಅದ್ರಲ್ಲಿ ಮಾಡಿ ತೋರ್ಸಿ" ಎಂದ. ಇದು ನನಗೇಕೆ ಹೊಳೆಯಲಿಲ್ಲ ಎಂದು ಕೇಳಬೇಡಿ. ಸರ್ಟಿಫೈಡ್ ಅಣ್ಣನನ್ನು ತರಿಸಿ, ಡೇಟಾ ಎಲ್ಲವನ್ನೂ ಅದಕ್ಕೆ ಸಾಗಿಸಿ, ಅದು ಕೆಡಲಿ ಎಂದು ದೇವರಿಗೆ ಕೈ ಮುಗಿದು ಕೂತೆ. ಜೀವಮಾನದಲ್ಲಿ ಮೊದಲ ಸಲ ನನ್ನ ಡೇಟಾಬೇಸ್ ಸಾಯಲೆಂದು ಬೇಡಿಕೊಂಡದ್ದು. ಮೂರನೆಯ ದಿನ, ಅದೇ ಮಧ್ಯಾಹ್ನದ ಹೊತ್ತಿಗೆ, ಅದೇ ರೀತಿಯಲ್ಲಿ, ಅದು ಸತ್ತಿತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಮಂಜುನಾಥ್ ನೋಡಿದ. ಮೆಮೊರಿ ಹಂಚಿಕೆಯ ಒಂದು ಸೆಟ್ಟಿಂಗ್ ಆಫ್ ಮಾಡಿ ಎಂದ. ಒಂದೇ ಸಾಲು. ಪುಕ್ಕಟೆ ತಮ್ಮನಲ್ಲೂ ಅದೇ ಸಾಲು ಹಾಕಿದೆ. ಅಲ್ಲಿಂದ ಇವತ್ತಿನ ತನಕ ಡೇಟಾಬೇಸ್ ನಿಂತಿಲ್ಲ. ಅಷ್ಟರಲ್ಲಿ ಟೂರ್ನಮೆಂಟ್ ಮುಗಿದಿತ್ತು.

ಅದಿತಿ ಮೊಣಕೈಗೆ ಪಟ್ಟಿ ಹಾಕಿಕೊಂಡು ಬಂದಳು. ಎರಡು ಪಂದ್ಯ ಗೆದ್ದು ಮೂರನೆಯದು ಸೋತಿದ್ದರು. ಊಟಕ್ಕೆ ಕೂತಾಗ ಸಮಾಧಾನ ಮಾಡಲು ಹೋದೆ.

"ನೀನು ಚೆನ್ನಾಗೇ ಆಡಿರ್ತೀಯ ಬಿಡು, ಪುಟ್ಟಾ."

"ಯು ಡಿಡಂಟ್ ಸೀ ಇಟ್, ಪಪ್ಪ."

ಸಿಟ್ಟಿಲ್ಲದ ಮಾತು. ನಾನು ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡೆ. ವಿದ್ಯಾ ನೀರಿನ ಲೋಟವನ್ನು ನನ್ನ ಕಡೆ ಸರಿಸಿದಳು. ಅದಿತಿ ತಟ್ಟೆ ಬದಿಗಿಟ್ಟು ನೆಟ್ಟಗೆ ಕೂತಳು. "ನೆಕ್ಸ್ಟ್ ಇಯರ್ ಎಲ್ರೂ ಹೋಗೋದು. ಈಗ್ಲೇ ಡಿಸೈಡ್ ಮಾಡೋಣ. ಮಮ್ಮ?" ವಿದ್ಯಾ ಹೂಂ ಎಂದಳು. "ಪಪ್ಪ?"

"ಬರ್ತೀನಿ. ಯಾಕ್ ಬರಲ್ಲ!" ಎಂದೆ.

ಊಟವಾದ ಮೇಲೆ ಅಡುಗೆಮನೆಗೆ ಹೋದೆ. ವಿದ್ಯಾ ಪಾತ್ರೆ ಜೋಡಿಸುತ್ತಿದ್ದಳು. ನಾನು ಬಾಗಿಲನ್ನು ಅರ್ಧ ಮುಚ್ಚಿ, "ಒಂದ್ ನಿಮಿಷ" ಎಂದೆ. "ಈ ಡೇಟಾಬೇಸ್ ವರ್ಷನ್ನಿಗೆ ಮುಂದಿನ ಜುಲೈಗೆ ಸಪೋರ್ಟ್ ಮುಗಿಯುತ್ತೆ ಕಣೇ. ಹೊಸದಕ್ಕೆ ಹೋಗ್ಬೇಕು. ಆ ವಾರ ನನಗೆ... ನೀನೇ ಅವಳಿಗೆ ಮೆಲ್ಲಗೆ ಹೇಳು."

ವಿದ್ಯಾ ಕೈಲಿದ್ದ ತಟ್ಟೆಯನ್ನು ಕೆಳಗಿಟ್ಟು, ಅರ್ಧ ಮುಚ್ಚಿದ್ದ ಬಾಗಿಲನ್ನು ಪೂರ್ತಿ ತೆರೆದಳು. ಹಾಲಿನಲ್ಲಿ ಅದಿತಿ ಉಡುಪಿಗೆ ವಿಡಿಯೋ ಕಾಲ್ ಮಾಡಿ, ಅಜ್ಜಿಗೆ ಅರ್ಥವಾಗಲೆಂದು ತಡೆದು ತಡೆದು ಕನ್ನಡದಲ್ಲೇ ಹೇಳುತ್ತಿದ್ದಳು.

"ಅಜ್ಜಿ, ನೆಕ್ಸ್ಟ್ ಇಯರ್ ಪಪ್ಪ ಬರ್ತಾರೆ. ಇಲ್ಲ ಅಜ್ಜಿ, ಈ ಸಲ ನಿಜ. ನಾನು ಕೇಳ್ದೆ."