ಬುತ್ತಿ ಡಬ್ಬಿಯಾಗ ಬಂದ ಮೀನು

ನನ್ನ ಹಣೇಬರಹನ ಹಂಗೈತಿ. ಒಂದು ಒಳ್ಳೆ ಕೆಲಸ ಮಾಡಾಕ ಹೋದ್ರ ಅದರ ಬೆನ್ನ ಹತ್ತಿ ನಾಕು ನಗಿಪಾಟಲು ಬರತಾವ. ರಾಣೆಬೆನ್ನೂರಾಗ ಬೀಜದ ಅಂಗಡ್ಯಾಗ ನನ್ನ ಕೆಲಸ, ಮನಿ ಬ್ಯಾಡಗ್ಯಾಗ, ಮನ್ಯಾಗ ನಾನು ಮತ್ತ ನಮ್ಮವ್ವ. ಸುಮ್ಮನ ಹಂಗ ಇದ್ದಿದ್ರ ಆಗತಿತ್ತು. ನಡಕ ಒಂದು ಮೀನ ಬಂತು.

೧. ರೈಲಿನಾಗಿನ ಊಟ

ನಮ್ಮ ಅಂಗಡಿ ಮ್ಯಾಲಿನ ಮಾಳಿಗ್ಯಾಗ ಹಲ್ಲಿನ ಡಾಕ್ಟರೊಬ್ಬರು ಇದ್ರು. ಅವರು ಬ್ಯಾರೆ ಊರಿಗೆ ಹೋದಾಗ ಕುರ್ಚಿ, ಕಪಾಟ ಎಲ್ಲಾ ಹೋದವು, ಗಾಜಿನ ತೊಟ್ಟಿ ಒಂದು ಉಳೀತು. ಅದರಾಗ ಒಂದ ಒಂದು ಬಂಗಾರಬಣ್ಣದ ಮೀನು. ಕಟ್ಟಡದ ಮಾಲಕರು, “ಗಾಜು ಗುಜರಿಗೆ ಹಾಕ್ರಿ, ಮೀನ ಗಟಾರಕ್ಕ ಬಿಡ್ರಿ” ಅಂದ್ರು.

ನೋಡೂಣು ಅಂತ ಮ್ಯಾಲ ಹೋದೆ. ಅದು ಗಾಜಿನ ಹತ್ರ ಬಂದು ನನ್ನ ನೋಡಿ ಬಾಯಿ ತಗದು ಮುಚ್ಚಿತು, ತಗದು ಮುಚ್ಚಿತು. ಏನೋ ಹೇಳಾಕತ್ತೈತಿ, ನನಗ ಕೇಳವಲ್ದು ಅನಿಸಿತು. ಬುತ್ತಿ ಡಬ್ಬಿ ತೊಳದು, ತೊಟ್ಟಿ ನೀರು ತುಂಬಿ, ಅದರಾಗ ಮೀನ ಇಟಗೊಂಡು ಸಂಜಿ ರೈಲು ಹತ್ತಿದೆ. ತೊಟ್ಟಿ ಹಿಂದಿಂದ ಟೆಂಪೋದಾಗ ಬರೂದಿತ್ತು.

ನಮ್ಮ ಕಡೆ ರೈಲಿನಾಗ ಒಂದು ಕಾಯ್ದೆ ಐತಿ. ಒಬ್ಬರು ಬುತ್ತಿ ಬಿಚ್ಚಿದ್ರ ಎಲ್ಲಾರೂ ಬಿಚ್ಚಬೇಕು, ಹಂಚಿಕೊಂಡು ತಿನ್ನಬೇಕು. ಎದುರಿಗೆ ಕುಂತ ಹಿರಿಯರು ನನ್ನ ಕೈಯಾಗ ಒಂದು ರೊಟ್ಟಿ, ಅದರ ಮ್ಯಾಲ ಬದನಿಕಾಯಿ ಪಲ್ಯ ಇಟ್ಟು, “ಈಗ ನಿಮ್ದು ತಗೀರಿ” ಅಂದ್ರು.

“ಖಾಲಿ ಐತ್ರಿ ಯಜಮಾನ್ರ.”

ಅಷ್ಟರಾಗ ಡಬ್ಬಿಯೊಳಗಿಂದ ‘ಬುಳುಕ್’ ಅಂತು. ನಾಕು ಹನಿ ಅವರ ಧೋತರದ ಮ್ಯಾಲ ಬಿದ್ದವು.

“ಸಾರು ತಂದೀರಿ, ಖಾಲಿ ಅಂತೀರಲ್ಲ! ಇಷ್ಟು ಜಿಪುಣತನ ಇರಬಾರದ್ರೀ” ಅಂದವರ ತಾವ ಮುಚ್ಚಳ ತಗದ್ರು. ಬಗ್ಗಿ ನೋಡಿದ್ರು. ಚಷ್ಮಾ ಒರಸಿಕೊಂಡು ಮತ್ತೊಮ್ಮೆ ನೋಡಿದ್ರು. ಆಮ್ಯಾಲ ಭಾಳ ಮೆತ್ತಗ, “ಇದು ಇನ್ನೂ ಬೆಂದಿಲ್ಲಲ್ಲೋ ತಮ್ಮಾ” ಅಂದ್ರು.

೨. ಕೆಂಪು ನೀರು

ಮೀನ ಕಂಡು ನಮ್ಮವ್ವ ಹೊಸ್ತಿಲದಾಗ ನನ್ನ ತಡದಳು. “ಏನೋ ಇದು! ಒಂದಿನ ತತ್ತಿ ಸೈತ ಕಾಣದ ಮನಿ ಇದು, ಓಣಿಯವ್ರು ಏನಂದಾರು?”

“ತಿನ್ನಾಕಲ್ಲ ಬೇ, ಸಾಕಾಕ.”

“ಸಾಕಾಕ? ಹಾಲು ಕೊಡತೈತೇನು ಅದು?”

ತೊಟ್ಟಿ ಬಂತು, ಕಿಟಕಿ ಹತ್ರ ಇಟ್ಟೆ.

ಆವಾಗ ಮೆಣಸಿನಕಾಯಿ ಹಂಗಾಮು. ಬ್ಯಾಡಗ್ಯಾಗ ಉಸಿರು ತಗೊಂಡ್ರೂ ಘಾಟು. ಅವ್ವ ಪಡಸಾಲ್ಯಾಗ ಕುಂತು ಕಾಯಿಯ ತೊಟ್ಟು ಬಿಡಸತಿದ್ದಳು. ತೊಟ್ಟಿಯೊಳಗ ಒಂದು ಬೇವಿನ ಎಲಿ ಬಿದ್ದದ್ದು ಕಂಡು, ಪಾಪ, ಒಳ್ಳೇದ ಮಾಡಾಕ ಹೋಗಿ, ಅದ ಕೈ ನೀರಾಗ ಅದ್ದಿ ತಗದಳು. ನಾ ಮನಿಗೆ ಬರೂದ್ರಾಗ ನೀರು ಕುಂಕುಮದ ನೀರಾಗಿತ್ತು. ಮೀನ ಮೂಲ್ಯಾಗ ಒರಗಿ ತೇಕತಿತ್ತು.

ಅವ್ವ ಮಾತ್ರ, “ಹೆದರಬ್ಯಾಡೋ. ನಮ್ಮ ಕಾಯಿ ಬಣ್ಣ ಜಾಸ್ತಿ, ಖಾರ ಕಡಿಮಿ” ಅಂದಳು.

ನಮ್ಮ ಅಂಗಡಿಗೆ ರೈತರು ರೋಗ ಹತ್ತಿದ ಎಲಿ ಕಿತಗೊಂಡು ಬರತಾರ, ‘ಇದಕ್ಕ ಏನಾಗೈತಿ ನೋಡ್ರಿ’ ಅಂತ. ಅದ ರೂಢಿ ನನಗೂ. ಮೀನನ್ನ ಬಕೀಟಿನ ನೀರಿಗೆ ಬಿಟ್ಟು, ಕೆಂಪು ನೀರು ಒಂದು ಬಾಟಲ್ಯಾಗ ತುಂಬಿಕೊಂಡು, ಸೀದಾ ಹಾವೇರಿ ಬಸ್ಸು ಹತ್ತಿದೆ. ಅಲ್ಲಿ ಬಣ್ಣದ ಮೀನು ಮಾರೂ ಅಂಗಡಿ ಒಂದೈತಿ. ಅಂಗಡಿಯಂವಾ ಬಾಟಲಿ ಬೆಳಕಿಗೆ ಹಿಡದು ನೋಡಿದ, ಮುಚ್ಚಳ ತಗದು ಮೂಸಿದ, ದೊಡ್ಡದೊಂದು ಸೀನು ಸೀನಿದ.

ಕಣ್ಣು ಒರಸಿಕೋತ ಕೇಳಿದ, “ಸರ್, ನೀವು ಮೀನ ಸಾಕಾಕತ್ತೀರೋ, ಉಪ್ಪಿನಕಾಯಿ ಹಾಕಾಕತ್ತೀರೋ?”

೩. ಎರಡು ನಿಮಿಷದಾಗ ತಿನ್ನೂವಷ್ಟು

ಅಂವಾ ನನಗ ಮೀನಿನ ಓನಾಮ ಕಲಿಸಿದ. ನಳದ ನೀರು ಒಂದಿನ ತುಂಬಿಟ್ಟು ಆಮ್ಯಾಲ ಹಾಕಬೇಕು. ಇದ್ದ ನೀರು ಪೂರಾ ಚೆಲ್ಲಬಾರದು, ಸ್ವಲ್ಪ ಸ್ವಲ್ಪ ಬದಲಿ ಮಾಡಬೇಕು. ಊಟ ಎರಡು ನಿಮಿಷದಾಗ ತಿನ್ನೂವಷ್ಟ ಹಾಕಬೇಕು, ಉಳದದ್ದು ತಗದುಬಿಡಬೇಕು.

ಮೀನ ಚೇತರಿಸಿಕೊಂತು. ಖರೇ ಹೇಳತೇನಿ, ಆಮ್ಯಾಲಿನ ಸಂಜಿಗಳು ಕನಸಿನಾಗಿನ ಸಂಜಿ ಇದ್ದಂಗ ಇದ್ದವು. ಕಿಟಕಿಯಿಂದ ಇಳಿಬಿಸಿಲು ತೊಟ್ಟಿಯೊಳಗ ಬರತಿತ್ತು, ಗ್ವಾಡಿ ಮ್ಯಾಲ ನೀರಿನ ಬೆಳಕು ತೂಗತಿತ್ತು, ಮೀನು ಅದರಾಗ ಅವಸರ ಇಲ್ಲದ ತಿರಗತಿತ್ತು. ಚಹಾ ಆರಿಹೋದ್ರೂ ನನಗ ಖಬರ ಇರತಿರಲಿಲ್ಲ. ಅವ್ವನೂ ಬಂದು ಪಕ್ಕಕ್ಕ ಕುಂದ್ರಾಕ ಹತ್ತಿದಳು. ದಿನಾ ಸಂಜಿಗೆ ನನ್ನ ಮದುವಿ ಮಾತು ತಗಿಯಾಕಿ, ಅದನ್ನೂ ಮರತಳು. ಅಷ್ಟು ಸುಖ ನನಗ ಯಾವತ್ತೂ ಸಿಕ್ಕಿರಲಿಲ್ಲ.

ಒಂದಿನ ಕಣ್ಣಾಗ ಅದ ಮೀನ ಇಟಗೊಂಡು ಅಂಗಡ್ಯಾಗ ಕುಂತಿದ್ದೆ. ಹಲಗೇರಿಯ ರೈತರೊಬ್ಬರು ಗೋವಿನಜೋಳದ ಬೀಜ ತಗೊಂಡು, “ಗೊಬ್ಬರ ಎಷ್ಟು ಹಾಕಬೇಕ್ರಿ?” ಅಂದ್ರು.

ನಾ ಎಲ್ಲೋ ನೋಡಕೋತ, “ಎರಡು ನಿಮಿಷದಾಗ ತಿನ್ನೂವಷ್ಟ ಹಾಕ್ರಿ. ಉಳದದ್ದು ತಗದುಬಿಡ್ರಿ” ಅಂದೆ.

ಅವರು ಬೀಜದ ಚೀಲ ಒಮ್ಮೆ ನೋಡಿದ್ರು, ನನ್ನ ಮಾರಿ ಒಮ್ಮೆ ನೋಡಿದ್ರು. ಆಮ್ಯಾಲ ನಮ್ಮ ಮಾಲಕರ ಕಡೆ ಹೊಳ್ಳಿ, “ಸಾವಕಾರ್ರ, ಎಷ್ಟು ತಿಂತಂತ ನೋಡಾಕ ನಾ ಹೊಲದಾಗ ಕುಂತಿರಬೇಕೇನ್ರಿ?” ಅಂದ್ರು.

೪. ಉಪವಾಸ

ಮನಿಗೆ ಬಂದವರನ್ನ ಹಸದು ಕಳಸೂದು ನಮ್ಮವ್ವನ ಜಾಯಮಾನದಾಗಿಲ್ಲ. ಮನ್ಯಾಗ ಇದ್ದ ಜೀವಕ್ಕಂತೂ ಕೇಳೂದ ಬ್ಯಾಡ. ಮೀನು ಬಾಯಿ ತಗದು ಮುಚ್ಚಿದ್ರ ಸಾಕು, “ಹಸಿವ್ಯಾಗೈತಿ ನೋಡು ಅದಕ್ಕ” ಅಂತ ಒಂದು ಚಿಟಿಕಿ ಹಾಕಾಕಿ. ಅದರ ಉಸಿರಾಟನ ಹಂಗ ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ. ಓಣಿಯ ಹೆಣಮಕ್ಕಳು ಬಂದ್ರ ಅವರೂ ಒಂದೊಂದು ಚಿಟಿಕಿ. “ಪಾಪ, ಬಾಯಿ ಬಿಡಾಕತ್ತೈತ್ರೀ” ಅನ್ನೂದು, ಹಾಕೂದು.

ಒಂದಿನ ಮುಂಜಾನೆ ನೋಡತೇನಿ, ಮೀನು ತಳದಾಗ ಕುಂತೈತಿ. ಹೊಟ್ಟಿ ಉಬ್ಬಿ ಗುಂಡಗಾಗೈತಿ. ಗಾಜು ಬಡದ್ರೂ ಅಲಗಾಡವಲ್ದು. ಹಾವೇರಿ ಅಂಗಡಿಯಂವಗ ಫೋನ್ ಹಚ್ಚಿದೆ.

“ಎರಡು ದಿನ ಒಂದು ಕಾಳೂ ಹಾಕಬ್ಯಾಡ್ರಿ ಸರ್. ಹೊಟ್ಟಿ ಖಾಲಿ ಆದ್ರ ಉಳೀತೈತಿ. ಇಲ್ಲಾಂದ್ರ ನನ್ನ ಕೇಳಬ್ಯಾಡ್ರಿ.”

ಅವ್ವಗ ಹೇಳಿದ್ರ, “ಬ್ಯಾನಿ ಬಿದ್ದ ಜೀವಕ್ಕ ಕೂಳು ಹಾಕಬ್ಯಾಡ ಅಂತಾನ? ಯಾವ ಊರಿನ ಡಾಕ್ಟರೋ ಅಂವಾ!” ಅಂತ ಜಗಳಕ್ಕ ನಿಂತಳು. ನನಗ ಸಿಟ್ಟೂ ಬಂತು, ಅಂಜಿಕಿನೂ ಬಂತು. ಕಡೀಕ ಒಂದು ಉಪಾಯ ಹೊಳೀತು. “ಬೇ, ಅದಕ್ಕ ಉಪವಾಸ ಅಂತ ತಿಳಕೋ. ಎರಡು ದಿನದ ಉಪವಾಸ.”

ಅವ್ವನ ಮಾರಿ ಬದಲಾತು. ಉಪವಾಸ ಅಂದ್ರ ಆಕಿಗೆ ಗೊತ್ತಿದ್ದ ಮಾತು. “ಹಂಗ ಹೇಳು ಮತ್ತ! ಅದು ಉಪವಾಸ ಇದ್ದಾಗ ನಾ ಹೆಂಗ ಉಣ್ಣಲಿ?” ಅಂತ ತಾನೂ ಹಿಡದಳು. ಬಂದವರಿಗೆಲ್ಲ, “ಇವತ್ತ ನಮ್ಮ ಮೀನಿನ ಉಪವಾಸ ಐತ್ರಿ, ಏನೂ ಹಾಕಬ್ಯಾಡ್ರಿ” ಅಂದಳು. ಇಷ್ಟು ದಿನ ನನ್ನ ಮಾತು ಕೇಳದ ಹೆಣಮಕ್ಕಳು ಎರಡು ಹೆಜ್ಜಿ ಹಿಂದ ಸರದು ನಿಂತ್ರು. ಒಬ್ಬಾಕಿ ಕೈ ಮುಗದಳಂತ.

ಮರದಿನ ಅಂಗಡ್ಯಾಗ ನನ್ನ ಜೀವ ನಿಲ್ಲಲಿಲ್ಲ. ಬ್ಯಾಡಗಿ ಸ್ಟೇಷನ್ನಿನಾಗ ಇಳದು ಮನಿ ಕಡೆ ಬಿರಬಿರ ನಡದೆ. ಅದು ಸತ್ತಿದ್ರ? ಗಟಾರದಿಂದ ಉಳಿಸಿ ತಂದು ಉಣಿಸಿ ಕೊಂದಂಗಾಗತೈತಲ್ಲ ಅಂತ ಒಂದ ಸಂಕಟ.

ಬಾಗಲಾ ತಗದು ನೋಡಿದ್ರ ಅವ್ವ ತೊಟ್ಟಿ ಮುಂದ ಕುಂತಾಳ. ಮೀನು ಮ್ಯಾಲ ಬಂದೈತಿ! ಬಾಲ ಬೀಸಕೋತ, ಹೊಟ್ಟಿ ಇಳದು, ಇಳಿಬಿಸಿಲಿನಾಗ ಮೊದಲಿನಂಗ ತೇಲಾಕತ್ತೈತಿ. ನನ್ನ ಕಣ್ಣಾಗ ನೀರ ಬಂದವು. ನಾಚಿಕಿ ಏನಿಲ್ಲ, ಬಂದವು.

ಕಣ್ಣು ಒರಸಿಕೊಂಡು ಹತ್ರ ಹೋಗಿ ನೋಡತೇನಿ, ಮೀನು ಬೆಳ್ಳಗಿಂದು ಏನೋ ಬಾಯಾಗ ಹಿಡದು ‘ಪುಕ್’ ಅಂತ ಉಗಳಾಕತ್ತೈತಿ. ಮತ್ತ ಹಿಡೀತೈತಿ, ಮತ್ತ ಉಗಳತೈತಿ. ಅವ್ವನ ಕೈಯಾಗ ತಾಟು.

“ಏನ್ ಹಾಕೀ ಬೇ ಅದಕ್ಕ?”

“ಸಾಬೂದಾನಿ ಖಿಚಡಿ. ಶೇಂಗಾ ತಗದ ಹಾಕೇನಿ, ಗಂಟಲದಾಗ ಸಿಗತಾವಂತ.”

“ಅಯ್ಯೋ ಅವ್ವಾ! ಉಪವಾಸ ಅಂತ ಹೇಳಿದ್ನಲ್ಲ!”

“ಉಪವಾಸ ಐತಂತನ ಸಾಬೂದಾನಿ ಹಾಕೇನಿ. ಇಲ್ಲಂದ್ರ ರೊಟ್ಟಿ ಹಾಕತಿದ್ದಿಲ್ಲೇನು?”

ಹಾವೇರಿಗೆ ಫೋನ್ ಹಚ್ಚಿ ಎಲ್ಲಾ ಹೇಳಿದೆ. ಅಂಗಡಿಯಂವಾ ಕೇಳಿದ, “ಮೀನು ಅದನ್ನ ನುಂಗಿತೇನ್ರಿ?”

“ಇಲ್ಲ, ಎಲ್ಲಾ ಉಗಳಾಕತ್ತೈತಿ.”

“ಮತ್ತ ಅವ್ವಾರು?”

“ಆಕಿದು ಎರಡನೇ ತಾಟು.”

“ಹಂಗಾರ ಚಿಂತಿ ಬಿಡ್ರಿ ಸರ್,” ಅಂದ ಅಂವಾ. “ನಿಮ್ಮ ಮನ್ಯಾಗ ಖರೇ ಉಪವಾಸ ಮಾಡಾಕತ್ತಿದ್ದು ಅದೊಂದ.”