ಪಟ್ಟಿ ನೋಡಿ ಮನೆ ಹೇಳಿದ ಪ್ರಸಂಗ

ಯಾರದೇ ಮನೆಯ ಕಿರಾಣಿ ಪಟ್ಟಿಯನ್ನು ನನ್ನ ಕೈಗೆ ಕೊಡಿ, ಆ ಮನೆಯಲ್ಲಿ ಈ ವಾರ ಏನು ನಡೆಯುತ್ತಿದೆ ಎಂದು ಹೇಳುತ್ತೇನೆ. ಇದು ಜಂಬವಲ್ಲ, ವಂಶಪಾರಂಪರ್ಯವಾಗಿ ಬಂದ ವಿದ್ಯೆ! ಕವಿತಾಳದಲ್ಲಿ ನಮ್ಮಪ್ಪನದು ಸಣ್ಣ ಕಿರಾಣಿ ಅಂಗಡಿ. ಚೀಟಿ ತಂದವರು ಬಾಯಿ ಬಿಡುವ ಮೊದಲೇ ಅಪ್ಪ ಅವರ ಮನೆಯ ಸಮಾಚಾರ ಹೇಳುತ್ತಿದ್ದ. ಅವಲಕ್ಕಿ, ಶೇಂಗಾ, ಸಕ್ಕರೆಯ ಜೊತೆಗೆ ‘ಚಲೋ ಚಹಾಪುಡಿ’ ಎಂದಿದ್ದರೆ ಆ ಮನೆಗೆ ಹೆಣ್ಣು ನೋಡಲು ಬರುತ್ತಿದ್ದಾರೆ ಎಂದರ್ಥ. ಕೇಳದಿದ್ದರೂ ಒಂದು ಪುಡಿಕೆ ಏಲಕ್ಕಿ ಸೇರಿಸುತ್ತಿದ್ದ. ಸಬ್ಬಕ್ಕಿ, ಸಕ್ಕರೆ ಇದ್ದರೆ ಯಾರಿಗೋ ಜ್ವರ. ಅದೇ ಚೀಟಿಯಲ್ಲಿ ಎಣ್ಣೆ ಬರೆದಿದ್ದರೆ, ಜ್ವರ ಬಿಟ್ಟ ಮೇಲೆ ಒಯ್ಯಿರಿ ಎಂದು ಕೊಡದೆ ಕಳಿಸುತ್ತಿದ್ದ. ಊರವರು ಇದಕ್ಕೆ ಸಿಟ್ಟಾಗುತ್ತಿರಲಿಲ್ಲ. ಮನೆಯವರಿಗಿಂತ ಅಂಗಡಿಯವನಿಗೇ ಹೆಚ್ಚು ಗೊತ್ತು ಎಂದು ಒಪ್ಪಿಕೊಂಡ ಜನ ಅವರು.

ಹೀಗಾಗಿ ರಾಯಚೂರಿನ ಸೂಪರ್ ಮಾರ್ಕೆಟ್ ಒಂದರಲ್ಲಿ ಆನ್‌ಲೈನ್ ಆರ್ಡರ್ ಆರಿಸುವ ಕೆಲಸ ಸಿಕ್ಕಾಗ, ಈ ಹುದ್ದೆ ನನಗಾಗಿಯೇ ಹುಟ್ಟಿದೆ ಎಂದುಕೊಂಡೆ. ಜನ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಸಾಮಾನು ಒತ್ತುತ್ತಾರೆ. ನಾವು ಕೈಯಲ್ಲೊಂದು ಸ್ಕ್ಯಾನರ್ ಹಿಡಿದು, ಗಾಡಿ ತಳ್ಳುತ್ತಾ, ಕಪಾಟಿನಿಂದ ಕಪಾಟಿಗೆ ಓಡಿ ಅದನ್ನೆಲ್ಲ ಆರಿಸಿ ಚೀಲಕ್ಕೆ ತುಂಬಬೇಕು. ಬೈಕಿನವರು ಒಯ್ದು ಮುಟ್ಟಿಸುತ್ತಾರೆ. ಸ್ಕ್ಯಾನರಿನಲ್ಲಿ ಆರ್ಡರ್ ನಂಬರು ಮತ್ತು ಸಾಮಾನಿನ ಪಟ್ಟಿ ಮಾತ್ರ ಕಾಣುತ್ತದೆ. ಹೆಸರಿಲ್ಲ, ಓಣಿ ಇಲ್ಲ. ಒಂದು ಪದಾರ್ಥ ಇಲ್ಲದಿದ್ದರೆ ಅದರ ಬದಲಿಗೆ ಏನು ಇಡಬೇಕೆಂದು ಸ್ಕ್ಯಾನರೇ ಹೇಳುತ್ತದೆ.

“ಅಕ್ಕಾ, ಮಷೀನ್ ಏನ್ ಹೇಳ್ತದ ಅಷ್ಟ ಮಾಡ್ರಿ. ನಿಮ್ಮ ತಲಿ ಓಡಸಬ್ಯಾಡ್ರಿ,” ಎಂದು ಸೂಪರ್‌ವೈಸರ್ ಖಾದರ್ ಮೊದಲ ದಿನವೇ ಹೇಳಿದ್ದ. ಸಣ್ಣ ವಯಸ್ಸಿನವನು, ಕಿರಾಣಿ ಅಂಗಡಿಯ ಸಂಸ್ಕಾರವಿಲ್ಲ ಎಂದು ಕ್ಷಮಿಸಿದೆ.

ನನ್ನ ಪಾಳಿ ಹತ್ತೂವರೆಯಿಂದ ಸಂಜೆ ಏಳರವರೆಗೆ. ಮಗಳು ಭೂಮಿಕಾ ಐದನೇ ತರಗತಿ, ಮಗ ಚೇತು ಒಂದನೇ ತರಗತಿ. ನಾಲ್ಕಕ್ಕೆ ಶಾಲೆ ಬಿಡುತ್ತದೆ. ಭೂಮಿ ಕೀಲಿ ತೆಗೆದು, ತಮ್ಮನಿಗೆ ಚುರುಮುರಿ ಕೊಟ್ಟು, ಅವರಪ್ಪ ಅಕ್ಕಿ ಗಿರಣಿಯಿಂದ ಬರುವವರೆಗೆ ಕಾಯುತ್ತಾಳೆ. ಹತ್ತು ವರ್ಷದ ಹುಡುಗಿಯ ಕೊರಳಲ್ಲಿ ಮನೆಯ ಕೀಲಿ ತೂಗುವುದನ್ನು ನೋಡಿದಾಗಲೆಲ್ಲ ಅದನ್ನು ಅವಳ ಅಂಗಿಯೊಳಗೆ ಸೇರಿಸಿ ಕಳಿಸುತ್ತಿದ್ದೆ. ಬೆಳಗಿನ ಪಾಳಿ ಸಿಕ್ಕರೆ ಆರಕ್ಕೆ ಹೋಗಿ ಎರಡೂವರೆಗೆ ಬಿಡುಗಡೆ. ತಿಂಗಳ ಕೊನೆಗೆ ಆ ಪಾಳಿಯಲ್ಲಿ ಒಂದು ಜಾಗ ಖಾಲಿಯಾಗುವುದಿತ್ತು. ನನ್ನ ಮೇಲೆ ಎರಡು ದೂರು ಬರದಿದ್ದರೆ ಅದು ನನಗೇ ಎಂದು ಖಾದರ್ ಮಾತು ಕೊಟ್ಟಿದ್ದ.

ಒಂದು ದೂರಿಗೆ ಮಾಫಿ, ಎರಡನೆಯದಕ್ಕೆ ಇಲ್ಲ. ಇಷ್ಟು ಸುಲಭದ ಪರೀಕ್ಷೆಯಲ್ಲಿ ಯಾರಾದರೂ ಫೇಲಾಗುತ್ತಾರೆಯೇ? ಮುಂದಿನ ತಿಂಗಳಿಂದ ನೀವು ಬರುವ ಹೊತ್ತಿಗೆ ನಾನೇ ಬಾಗಿಲಲ್ಲಿ ನಿಂತಿರುತ್ತೇನೆ ಎಂದು ಮಕ್ಕಳಿಗೆ ಹೇಳಿಯೂ ಬಿಟ್ಟೆ. ಚೇತು ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಕಾಟು ಹಾಕಲು ಶುರು ಮಾಡಿದ.

ಒಂದು ದಿನ ಒಂದು ಪಟ್ಟಿ ಬಂತು. ಅಂಟು, ಉತ್ತತ್ತಿ, ಒಣ ಕೊಬ್ಬರಿ, ಗಸಗಸೆ, ಬೆಲ್ಲ, ತುಪ್ಪ. ನೋಡಿದ ಕೂಡಲೇ ನನ್ನ ಕಣ್ಣು ತುಂಬಿ ಬಂತು. ಅಂಟಿನುಂಡಿ! ಆ ಮನೆಯಲ್ಲಿ ಹಸಿ ಬಾಣಂತಿ ಇದ್ದಾಳೆ! ಗಸಗಸೆಯನ್ನು ಒಂದು ಹಿಡಿ ಹೆಚ್ಚು ಸುರಿಯಬೇಕೆನಿಸಿತು, ಆದರೆ ಅದು ಮುಚ್ಚಿದ ಪ್ಯಾಕೆಟ್ಟು. ಅಷ್ಟರಲ್ಲಿ ಪಟ್ಟಿಯ ಕೊನೆಗೆ ಕಣ್ಣು ಬಿತ್ತು. ಬದನೆಕಾಯಿ, ಒಂದು ಕಿಲೋ.

ಬಾಣಂತಿಗೆ ಬದನೆಕಾಯಿಯೇ? ಮನೆಯಲ್ಲಿ ಹಿರಿಯರು ಯಾರೂ ಇಲ್ಲವೇ? ಪಾಪ, ಗಂಡ ಹೆಂಡಿರಿಬ್ಬರೇ ಇದ್ದಾರೆಂದು ಕಾಣುತ್ತದೆ. ಬದನೆಕಾಯಿ ಎದುರಿಗೇ ರಾಶಿ ಬಿದ್ದಿದ್ದರೂ ‘ಇಲ್ಲ’ ಎಂದು ಒತ್ತಿದೆ. ‘ಬದಲಿ’ ಎಂಬಲ್ಲಿ ಹೀರೆಕಾಯಿ ಸ್ಕ್ಯಾನ್ ಮಾಡಿದೆ. ಮಷೀನು ಎರಡು ಸಲ ಆಗುವುದಿಲ್ಲ ಎಂದಿತು, ಮೂರನೇ ಸಲ ಸುಮ್ಮನಾಯಿತು. ನನ್ನ ಗಂಡನ ವಿಷಯದಲ್ಲೂ ಇದೇ ಕ್ರಮ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಬಾಣಂತಿಗೆ ಬದನೆಕಾಯಿ ಕೊಡಬಾರದೆಂದೂ, ಕೂಸಿನ ನೆತ್ತಿಗೆ ದಿನಾಲೂ ಎಣ್ಣೆ ಹಚ್ಚಬೇಕೆಂದೂ ಒಂದು ಚೀಟಿ ಬರೆದು ಚೀಲದಲ್ಲಿಟ್ಟೆ.

ಮರುದಿನ ಮಾನ್ವಿ ಕಡೆಯ ಒಬ್ಬ ನಿವೃತ್ತ ಮಾಸ್ತರರು ಕೋಲೂರಿಕೊಂಡು ಅಂಗಡಿಗೆ ಬಂದರು. ಇನ್ನೊಂದು ಕೈಯಲ್ಲಿ ನನ್ನ ಹೀರೆಕಾಯಿ ಇತ್ತು.

“ಈ ಚೀಟಿ ಬರದವ್ರು ಯಾರ್ರಿ?” ಎಂದು ಕೇಳಿದರು. ನಾನು ಒಪ್ಪಿಕೊಂಡೆ. ಬಾಣಂತಿ ಹೇಗಿದ್ದಾಳೆ ಎಂದೂ ವಿಚಾರಿಸಿದೆ.

“ಬಾಣಂತಿ ನಾನ ಅದೀನಿ,” ಎಂದರು ಮಾಸ್ತರರು. “ಮದುವಿನ ಆಗಿಲ್ಲ ನಂದು. ಮೊಣಕಾಲು ಬ್ಯಾನಿಗಿ ಉಂಡಿ ಕಟ್ಟಾಕತ್ತೀನಿ. ಕೂಸಿನ ನೆತ್ತಿಗಿ ಎಣ್ಣಿ ಹಚ್ಚ್ರಿ ಅಂತ ಬರದೀರಿ. ಈಗ ಯಾರ ನೆತ್ತಿಗಿ ಹಚ್ಚಲಿ, ಹೇಳ್ರಿ.”

ಅವರದೇ ನೆತ್ತಿಯಲ್ಲಿ ಒಂದು ಕೂದಲೂ ಇರಲಿಲ್ಲ. ಎಣ್ಣೆಗಾಯಿ ಮಾಡಿಕೊಳ್ಳಬೇಕೆಂದು ವಾರದಿಂದ ಆಸೆಪಟ್ಟಿದ್ದರಂತೆ. ಖಾದರ್ ಓಡಿ ಬಂದು ಕೈಮುಗಿದ. ಮಾಸ್ತರರು ದೂರಿನ ಪುಸ್ತಕ ತರಿಸಿ, ಮುತ್ತು ಪೋಣಿಸಿದ ಹಾಗಿನ ಅಕ್ಷರದಲ್ಲಿ ಒಂದು ಪುಟ ಬರೆದರು. ನನ್ನ ಚೀಟಿಯಲ್ಲಿದ್ದ ಎರಡು ಕಾಗುಣಿತದ ತಪ್ಪುಗಳನ್ನೂ ತಿದ್ದಿ ವಾಪಸ್ ಕೊಟ್ಟರು.

“ಇದು ಒಂದ್ ಆತು, ಅಕ್ಕಾ. ಇನ್ನೊಂದು ಬಂತಂದ್ರ ಮುಂಜಾನಿ ಪಾಳಿ ನನ್ನ ಕೈಯಾಗ ಇರಂಗಿಲ್ಲ,” ಎಂದ ಖಾದರ್. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಅಂದಿನಿಂದ ನಾನು ಬದಲಾದೆ. ಮಷೀನು ಹೇಳಿದ್ದೇ ವೇದ. ಹದಿನೆಂಟು ದಿನ ಯಾರ ಮನೆಯ ಸುದ್ದಿಗೂ ಹೋಗಲಿಲ್ಲ. ಕ್ಯಾಲೆಂಡರಿನಲ್ಲಿ ಕಾಟುಗಳು ಬೆಳೆದವು. ಇನ್ನು ನಾಲ್ಕೇ ದಿನ ಉಳಿದಿತ್ತು.

ಆ ಭಾನುವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹಿಮ್ಮಡಿ ನೋವು ಬೇರೆ. ಮನೆಗೆ ಹೋದ ಕೂಡಲೇ ಗೋಡೆಗೆ ಕಾಲು ಆನಿಸಿ ಅರ್ಧ ತಾಸು ಮಲಗುವುದು ನನಗೆ ರೂಢಿಯಾಗಿಬಿಟ್ಟಿತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಸ್ಕ್ಯಾನರು ಒಂದು ಪಟ್ಟಿ ತೋರಿಸಿತು. ನೂಡಲ್ಸ್ ಆರು, ಚಿಪ್ಸ್ ನಾಲ್ಕು, ಕ್ರೀಮ್ ಬಿಸ್ಕತ್ತು, ದೊಡ್ಡ ಬಾಟಲಿ ತಂಪು ಪಾನೀಯ. ಕೊನೆಯಲ್ಲಿ ನೋವಿನ ಮುಲಾಮು ಒಂದು ಡಬ್ಬಿ.

ಹದಿನೆಂಟು ದಿನದ ವ್ರತ ಅಲ್ಲಿಗೆ ಮುರಿಯಿತು. ಆ ಮನೆ ನನ್ನ ಕಣ್ಣ ಮುಂದೆ ನಿಂತೇಬಿಟ್ಟಿತು. ಮಕ್ಕಳು ಹಸಿದು ಕೂತಿವೆ. ತಾಯಿ ಎನಿಸಿಕೊಂಡವಳು ಮಂಚದ ಮೇಲೆ ಮಲಗಿ ಮೊಬೈಲ್ ನೋಡಿ ನೋಡಿ ತಲೆನೋವು ತರಿಸಿಕೊಂಡಿದ್ದಾಳೆ. ಎದ್ದು ಒಲೆ ಹಚ್ಚಲು ಸೋಮಾರಿತನ! ಒಂದು ಕಾಯಿಪಲ್ಲೆಯ ಹೆಸರಾದರೂ ಬೇಡವೇ? ಇಂಥವರ ಮಕ್ಕಳ ಗತಿ ಏನು ಎಂದು ಜೊತೆಯವರ ಮುಂದೆ ಒಂದು ಸಣ್ಣ ಭಾಷಣವನ್ನೂ ಮಾಡಿದೆ. ನಾಲ್ಕು ದಿನ ಸುಮ್ಮನಿರು ಎಂದು ಮನಸ್ಸು ಹೇಳಿತು. ಆದರೆ ಪ್ರಶ್ನೆ ನನ್ನ ಪಾಳಿಯದಲ್ಲ, ಯಾರದೋ ಮಕ್ಕಳದು! ನಾನು ಮುಂದಿನ ಪೀಳಿಗೆಯ ಪರವಾಗಿ ನಿರ್ಧಾರ ತೆಗೆದುಕೊಂಡೆ.

ಮೂರು ನೂಡಲ್ಸ್ ಮತ್ತು ತಂಪು ಪಾನೀಯಕ್ಕೆ ‘ಇಲ್ಲ’ ಎಂದು ಒತ್ತಿದೆ. ಬದಲಿಗೆ ಮೆಂತ್ಯ ಸೊಪ್ಪು ಇಟ್ಟೆ. ರಾಶಿಯೆಲ್ಲ ಕೆದಕಿ ಎಳೆಯ ಕಟ್ಟುಗಳನ್ನೇ ಆರಿಸಿದೆ. ಆಮೇಲೆ ಒಂದು ಚೀಟಿ.

‘ಮಕ್ಕಳ ತಾಯಿಗೆ ನಮಸ್ಕಾರ. ತಲೆನೋವು ಬರುವಷ್ಟು ಮೊಬೈಲ್ ನೋಡುವ ಬದಲು ಎದ್ದು ಒಲೆ ಹಚ್ಚಿದರೆ ಮಕ್ಕಳು ಎರಡು ತುತ್ತು ಉಣ್ಣುತ್ತವೆ. ಇಂತಿ ನಿಮ್ಮ ಹಿತೈಷಿ.’

ಈ ಸಲ ಕಾಗುಣಿತವನ್ನು ಎರಡೆರಡು ಬಾರಿ ನೋಡಿದೆ.

ಸಂಜೆ ಏಳೂವರೆಗೆ ಮನೆ ಸೇರಿದಾಗ ನನ್ನ ಗಂಡ ವೀರೇಶ ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ಅವರು ಅರಕೇರಾದ ಕಡೆಯವರು, ಮಾತು ಕಡಿಮೆ. ಸಿಟ್ಟು ಬಂದರೆ ಅಂಗಿಯ ತೋಳು ಮಡಚುತ್ತಾರೆ, ಅಷ್ಟೇ. ಅವತ್ತು ಎರಡೂ ತೋಳು ಮಡಚಿದ್ದರು.

“ಮಾದೇವಿ, ನಿಮ್ಮ ಅಂಗಡ್ಯಾಗ ಎಂಥೆಂಥಾ ಮಂದಿ ಇಟ್ಕೊಂಡಾರ?” ಎಂದರು. “ಇವತ್ತ ನಿನಗ ಅಡಗಿ ಕೆಲಸ ತಪ್ಪಲಿ ಅಂತ ಭೂಮಿ, ನಾನು ಕೂಡಿ ಸಾಮಾನು ತರಿಸೀವಿ. ನಿನ್ನ ಕಾಲಿಗಿ ಮುಲಾಮು ಹೇಳೀವಿ. ಯಾವಾಕಿನೋ ಏನ್ ಬರದಾಳ ನೋಡು.”

ಅವರು ಚೀಟಿಯನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಓದುವ ಅಗತ್ಯವಿರಲಿಲ್ಲ. ಆದರೂ ಓದಿದೆ. ಮಧ್ಯಾಹ್ನ ಎಷ್ಟು ಚೆನ್ನಾಗಿದೆ ಎನಿಸಿದ್ದ ಒಂದೊಂದು ಮಾತೂ ಈಗ ನನ್ನ ಕೆನ್ನೆಗೆ ಬಡಿಯಿತು.

ವೀರೇಶ ಇನ್ನೂ ಹೇಳುತ್ತಿದ್ದರು. ಮಧ್ಯಾಹ್ನ ಬೈಕಿನವರು ಬಾಗಿಲು ಬಡಿದಾಗ ಚೇತು ಓಡಿ ಹೋಗಿ, ಅವರ ಹಿಂದೆ ಮುಂದೆ ನೋಡಿ, ಅವ್ವ ಎಲ್ಲಿ ಎಂದು ಕೇಳಿದನಂತೆ. ಅವ್ವನ ಅಂಗಡಿಗೆ ಆರ್ಡರ್ ಮಾಡಿದರೆ ಸಾಮಾನಿನ ಜೊತೆ ಅವ್ವನೂ ಬರುತ್ತಾಳೆ ಎಂದು ತಿಳಿದಿದ್ದ ಅವನು. ಅದಕ್ಕೇ ಓಣಿಯ ಅಂಗಡಿ ಬೇಡ, ಅಲ್ಲಿಂದಲೇ ತರಿಸಬೇಕು ಎಂದು ಹಟ ಹಿಡಿದಿದ್ದ. ಬರದಿದ್ದಕ್ಕೆ ಸ್ವಲ್ಪ ಹೊತ್ತು ಅತ್ತನಂತೆ. ಆಮೇಲೆ ಚಿಪ್ಸ್ ತಿಂದು ಸಮಾಧಾನ ಮಾಡಿಕೊಂಡನಂತೆ. ಇದನ್ನು ಕೇಳುತ್ತಾ ನನಗೆ ಅಲ್ಲಿಯೇ ಕೂತು ಅತ್ತುಬಿಡಬೇಕು ಎನಿಸಿತು.

“ಬರದಾಕಿ ಬಾಯಿ ಚಲೋ ಇಲ್ಲ,” ಎಂದು ವೀರೇಶ ಮುಗಿಸಿದರು. “ಆದ್ರ ಸೊಪ್ಪು ಮಾತ್ರ ಎಳೇದು ನೋಡಿ ಇಟ್ಟಾಳ. ಅಷ್ಟು ಹೇಳಬೇಕು.”

ಭೂಮಿ ಅಡುಗೆಮನೆಯ ಬಾಗಿಲಲ್ಲಿ ಸೊಪ್ಪು ಸೋಸುತ್ತಾ ಕೂತಿದ್ದಳು. ಅವಳ ಊಟದ ಡಬ್ಬಿಯೊಳಗೆ ನಾನು ದಿನಾ ಒಂದು ಚೀಟಿ ಬರೆದಿಡುತ್ತೇನೆ, ಪೂರ್ತಿ ಉಣ್ಣು, ತಮ್ಮನ ಕೈ ಬಿಡಬೇಡ ಎಂದು. ನನ್ನ ಅಕ್ಷರ ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಮಧ್ಯಾಹ್ನವೇ ಗೊತ್ತಾಗಿತ್ತು. ಅಪ್ಪನಿಗೆ ಹೇಳದೆ ನುಂಗಿಕೊಂಡಿದ್ದಳು. ಅವರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದಳು.

“ಅವ್ವಾ, ನಮ್ಮ ಮನಿ ಅಂತ ನಿನಗ ಗೊತ್ತಾಗ್ಲಿಲ್ಲಾ?”

ಕವಿತಾಳದ ಕಿರಾಣಿ ಅಂಗಡಿಯ ವಾರಸುದಾರಳು ಅವಳ ಪಕ್ಕ ಕೂತು ಸೊಪ್ಪು ಸೋಸತೊಡಗಿದಳು.

ವೀರೇಶ ವಾಪಸ್ ಬಂದ ಮೇಲೆ ಎಲ್ಲವನ್ನೂ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ಮೊಬೈಲ್ ಹುಡುಕತೊಡಗಿದರು. ಮಧ್ಯಾಹ್ನವೇ ಅವರು ಅಂಗಡಿಗೆ ದೂರು ಹಾಕಿದ್ದರು! ಅದನ್ನು ಅಳಿಸಲು ಇಬ್ಬರೂ ತಲೆಗೆ ತಲೆ ಹಚ್ಚಿ ಕೂತೆವು. ಎಲ್ಲಿ ಒತ್ತಿದರೂ ‘ನಿಮ್ಮ ದೂರು ನಮಗೆ ಅಮೂಲ್ಯ’ ಎಂದೇ ಬರುತ್ತಿತ್ತು. ಕೊನೆಗೆ ನಾವೇ ಸೋತು ಮೆಂತ್ಯದ ಪಲ್ಲೆ ಮಾಡಿಕೊಂಡು ಉಂಡೆವು. ಭೂಮಿ ನನ್ನ ಹಿಮ್ಮಡಿಗೆ ಮುಲಾಮು ಹಚ್ಚಿದಳು. ಬೇಡವೆಂದರೂ ಕೇಳಲಿಲ್ಲ.

ಮರುದಿನ ಖಾದರ್ ಆ ದೂರನ್ನು ನನ್ನ ಮುಂದೆ ಓದಿದ. ‘ನನ್ನ ಹೆಂಡತಿ ದಿನವಿಡೀ ನಿಂತು ದುಡಿದು ಬಂದು, ಮತ್ತೆ ನಿಂತು ಅಡುಗೆ ಮಾಡುತ್ತಾಳೆ. ಅವಳಂಥ ತಾಯಿ ನಮ್ಮ ಓಣಿಯಲ್ಲಿಲ್ಲ. ಅವಳ ಬಗ್ಗೆ ಹೀಗೆ ಬರೆದವರು ಯಾರೇ ಇರಲಿ, ಕೆಲಸದಿಂದ ತೆಗೆದುಹಾಕಿ.’

ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನನ್ನ ಗಂಡ ನನ್ನನ್ನು ಹೊಗಳಿದ್ದು ಅದೇ ಮೊದಲು. ಅದೂ ನನ್ನನ್ನು ಕೆಲಸದಿಂದ ತೆಗೆಯಿರಿ ಎಂಬ ಅರ್ಜಿಯಲ್ಲಿ! ಆ ದೂರಿನ ಒಂದು ಪ್ರತಿ ಕೊಡುತ್ತೀಯಾ ಎಂದು ಕೇಳಿದೆ. ಖಾದರನಿಗೆ ತಲೆಬುಡ ತಿಳಿಯಲಿಲ್ಲ. ಗ್ರಾಹಕರು ನನ್ನ ಗಂಡನೇ ಎಂದಾಗ ಅವನು ಅಲ್ಲಿಯೇ ಅಕ್ಕಿ ಚೀಲದ ಮೇಲೆ ಕೂತ.

ಕೆಲಸ ಉಳಿಯಿತು. ಬೆಳಗಿನ ಪಾಳಿ ಬೇರೆಯವರಿಗೆ ಹೋಯಿತು. ನನ್ನ ಸರದಿ ಇನ್ನು ಮೂರು ತಿಂಗಳ ಮೇಲೆ. ಚೇತುವಿಗೆ ಇದನ್ನು ಹೇಳುವುದು ಖಾದರನ ಮುಂದೆ ನಿಲ್ಲುವುದಕ್ಕಿಂತ ಕಷ್ಟವಾಯಿತು. ಅವನು ಕಾಟು ಹಾಕಿದ ಹಾಳೆಯನ್ನು ಮಡಚಿ, ಮುಂದಿನ ತಿಂಗಳಿನದನ್ನು ತಿರುವಿ, ಪೆನ್ಸಿಲ್ ಚೂಪು ಮಾಡಿಕೊಡು ಎಂದು ಕೇಳಿದ. ಮಾಡಿಕೊಟ್ಟೆ.

ನಿಯಮದ ಪ್ರಕಾರ ತಪ್ಪು ಮಾಡಿದವರು ಒಂದು ಫಾರ್ಮು ತುಂಬಿ, ಅದರ ಮೇಲೆ ಗ್ರಾಹಕರ ಸಹಿ ತರಬೇಕು. ಮಾನ್ಯ ಗ್ರಾಹಕರು ಲುಂಗಿ ಉಟ್ಟು ಚಹಾ ಕುಡಿಯುತ್ತಿದ್ದಾಗ ಸಹಿ ಹಾಕಿಸಿಕೊಂಡೆ. ಫಾರ್ಮಿನಲ್ಲಿ ‘ತಪ್ಪಿಗೆ ಕಾರಣ’ ಎಂಬ ಒಂದು ಸಾಲು ಖಾಲಿ ಇತ್ತು. ಏನು ಬರೆಯಬೇಕೆಂದು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಇದ್ದದ್ದನ್ನೇ ಬರೆದೆ: ‘ಗ್ರಾಹಕರ ಮನೆಯ ಪರಿಚಯ ಇರಲಿಲ್ಲ.’

ಖಾದರ್ ಅದನ್ನು ಎರಡು ಸಲ ಓದಿ, ಕಾರಣ ಸರಿಯಾಗಿದೆ ಎಂದು ಠಸ್ಸೆ ಒತ್ತಿದ.